ಹುಳ ಅಂತ ಕರೆಸಿಕೊಂಡ ಹುಡುಗಿ, ಮತ್ತು ನಮ್ಮ ಮಕ್ಕಳ ಮ್ಯಾಜಿಕ್ಕು



ಟೋಮಿ ಅಡೆಯೆಮಿ ಬರೆದ 'ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್' ಕಾದಂಬರಿ ಬಗ್ಗೆ ಬರೀತೀನಿ ಅಂತ ಹೋದ ತಿಂಗಳು ಹೇಳಿದ್ದೆ. ಇಬ್ಬರು ಮೂವರು ಇನ್‌ಬಾಕ್ಸಿಗೆ ಬಂದು, "ಅಕ್ಕಾ, ಪಿಟಿಸಿಎಲ್ ಬಗ್ಗೆ ಬರೀರಿ, ಒಳಮೀಸಲಾತಿ ಬಗ್ಗೆ ಬರೀರಿ, ಈ ಮಾಯಾಮಂತ್ರದ ಪುಸ್ತಕ ಯಾಕೆ" ಅಂದ್ರು. ಅವನ್ನೂ ಬರೀತೀನಿ. ಇವತ್ತು ಇದು. ಉದ್ದ ಇದೆ, ಬಸ್ಸಲ್ಲಿ ಸೀಟು ಸಿಕ್ಕಿದ ಮೇಲೆ ಓದಿ.

ಪುಸ್ತಕ ಬಂದಿದ್ದು 2018ರ ಮಾರ್ಚ್‌ನಲ್ಲಿ, ಅಮೆರಿಕದಲ್ಲಿ. 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾ ಬಂದು ಒಂದು ತಿಂಗಳಾಗಿತ್ತು ಅಷ್ಟೆ. ಬರೆದ ಹುಡುಗಿ ನೈಜೀರಿಯಾದಿಂದ ವಲಸೆ ಹೋದ ತಂದೆತಾಯಿಯ ಮಗಳು, 1993ರಲ್ಲಿ ಅಮೆರಿಕದಲ್ಲೇ ಹುಟ್ಟಿದವಳು. 500ಕ್ಕೂ ಹೆಚ್ಚು ಪುಟ. ನನ್ನ ಅಕ್ಕನ ಮಗಳು ಕಾಲೇಜ್ ಲೈಬ್ರರಿಯಿಂದ ತಂದಿದ್ದಳು, ಅವಳು ಮೂರು ದಿನಕ್ಕೆ ಮುಗಿಸಿದಳು, ನನಗೆ ಐದು ವಾರ ಹಿಡೀತು. ನನ್ನದು ಫೈಲ್ ಇಂಗ್ಲಿಷು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅನ್ನೋದನ್ನ ಇಂಗ್ಲಿಷಲ್ಲಿ ನಿದ್ದೆಗಣ್ಣಲ್ಲೂ ಟೈಪ್ ಮಾಡ್ತೀನಿ, ಆದರೆ ಕಾಡು, ಕತ್ತಿ, ಬೆಂಕಿ, ಸಮುದ್ರದ ಇಂಗ್ಲಿಷಿಗೆ ಡಿಕ್ಷನರಿ ಬೇಕು.

ಕಥೆ ಹೇಳಿಬಿಡ್ತೀನಿ. ಒರಿಶಾ ಅಂತ ಒಂದು ರಾಜ್ಯ. ನಮ್ಮ ಒಡಿಶಾ ಅಲ್ಲ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೇವತೆಗಳಿಗೆ ಒರಿಶಾ ಅಂತಾರೆ, ಅದೇ ಹೆಸರನ್ನ ಆಕೆ ನಾಡಿಗೆ ಇಟ್ಟಿದ್ದಾಳೆ. ಅಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಬಿಳೀ ಕೂದಲು. ಅವರಿಗೆ 13 ವರ್ಷ ತುಂಬಿದಾಗ ಶಕ್ತಿ ಬರುತ್ತೆ. ಒಬ್ಬರು ಬೆಂಕಿ ಆಡಿಸ್ತಾರೆ, ಒಬ್ಬರು ನೀರು, ಒಬ್ಬರು ಇನ್ನೊಬ್ಬರ ಮನಸ್ಸಿನೊಳಗೆ ಹೋಗ್ತಾರೆ, ಒಬ್ಬರು ಸತ್ತವರ ಆತ್ಮ ಕರೀತಾರೆ. ಒಟ್ಟು ಹತ್ತು ಕುಲ. ಇಂಥ ಶಕ್ತಿವಂತರಿಗೆ ಮಾಜಿ ಅಂತ ಹೆಸರು. ನಮ್ಮ ಭಾನುವಾರದ ಓದಿನ ಗುಂಪಲ್ಲಿ ಈ ಪದ ಹೇಳಿದ ಕೂಡಲೇ ಒಬ್ಬ ಹುಡುಗ, "ಮಾಜಿ ಶಾಸಕರಾ ಅಕ್ಕಾ?" ಅಂದ, ಹತ್ತು ನಿಮಿಷ ನಗು ನಿಲ್ಲಲಿಲ್ಲ. ಆದರೆ ಯೋಚನೆ ಮಾಡಿದರೆ ಕನ್ನಡದ ಅರ್ಥವೂ ಸರಿಯಾಗೇ ಕೂತಿದೆ. ಕಥೆ ಶುರುವಾಗೋ ಹೊತ್ತಿಗೆ ಅವರೆಲ್ಲ ನಿಜಕ್ಕೂ ಮಾಜಿಗಳೇ. ಹನ್ನೊಂದು ವರ್ಷದ ಹಿಂದೆ ಸರಾನ್ ಅನ್ನೋ ರಾಜ ಒಂದೇ ದಾಳಿಯಲ್ಲಿ ಶಕ್ತಿ ಇದ್ದ ದೊಡ್ಡವರನ್ನೆಲ್ಲ ಕೊಲ್ಲಿಸಿದ್ದಾನೆ, ಜಗತ್ತಿನಿಂದ ಮ್ಯಾಜಿಕ್ ಹೋಗಿಬಿಟ್ಟಿದೆ. ಉಳಿದಿರೋದು ಆಗ ಚಿಕ್ಕವರಾಗಿದ್ದ ಮಕ್ಕಳು, ತಲೆ ಮೇಲೆ ಬಿಳಿ ಕೂದಲು, ಕೈಯಲ್ಲಿ ಏನೂ ಇಲ್ಲ.

ಆ ಮಕ್ಕಳ ಮೇಲೆ ತೆರಿಗೆ. ವರ್ಷ ವರ್ಷ ಏರೋ ತೆರಿಗೆ. ಕಟ್ಟೋಕಾಗದಿದ್ದರೆ ಎಳಕೊಂಡು ಹೋಗಿ ಜೀತಕ್ಕೆ ಹಾಕ್ತಾರೆ, ಆ ಜೀತದಿಂದ ವಾಪಸ್ ಬಂದವರಿಲ್ಲ. ಸಿಪಾಯಿಗಳು ಅವರನ್ನ ಕರೆಯೋದು 'ಹುಳ' ಅಂತ. ಕೊಳೆತದ್ದರಲ್ಲಿ ಆಡುತ್ತಲ್ಲ ಬಿಳೀ ಹುಳ, ಅದು.

ನಾಯಕಿ ಝೆಲೀ, 17 ವರ್ಷ, ಮೀನುಗಾರರ ಮನೆ ಹುಡುಗಿ. ಆರು ವರ್ಷದವಳಿದ್ದಾಗ ತಾಯಿಯನ್ನ ಕಣ್ಣೆದುರೇ ಎಳಕೊಂಡು ಹೋಗಿ ಮರಕ್ಕೆ ನೇತುಹಾಕಿರ್ತಾರೆ. ಅತ್ತ ಅರಮನೆಯಲ್ಲಿ ರಾಜಕುಮಾರಿ ಅಮಾರಿ. ಅವಳ ಸೇವಕಿ, ಅವಳಿಗಿದ್ದ ಒಬ್ಬಳೇ ಗೆಳತಿ, ಬಿಂಟಾ. ಬಿಂಟಾಳಿಗೂ ಬಿಳಿ ಕೂದಲು. ಒಂದು ಹಳೇ ಸುರುಳಿಯನ್ನ ಅವಳ ಕೈಗೆ ಕೊಟ್ಟರೆ ಕೈಯಿಂದ ಬೆಳಕು ಉಕ್ಕುತ್ತೆ, ಮ್ಯಾಜಿಕ್ ಸತ್ತಿಲ್ಲ ಅಂತ ಗೊತ್ತಾಗುತ್ತೆ. ರಾಜ ಅಲ್ಲೇ ಅವಳನ್ನ ಕತ್ತಿಯಿಂದ ಚುಚ್ಚಿ ಕೊಲ್ತಾನೆ. ಅಮಾರಿ ಆ ಸುರುಳಿ ಕದ್ದು ಓಡ್ತಾಳೆ, ಲಾಗೋಸ್ ಸಂತೆಯಲ್ಲಿ ಝೆಲೀ ಕೈ ಹಿಡೀತಾಳೆ. ಆಮೇಲೆ ಝೆಲೀ, ಅವಳಣ್ಣ ಟ್ಜೈನ್, ಅಮಾರಿ ಮೂವರೂ ಮ್ಯಾಜಿಕ್ ವಾಪಸ್ ತರೋಕೆ ಹೊರಡ್ತಾರೆ. ಹಿಂದಿನಿಂದ ಅಮಾರಿಯ ಅಣ್ಣ, ಯುವರಾಜ ಇನಾನ್, ಸೈನ್ಯ ಕಟ್ಟಿಕೊಂಡು ಅಟ್ಟಿಸಿಕೊಂಡು ಬರ್ತಾನೆ. ಝೆಲೀ, ಅಮಾರಿ, ಇನಾನ್, ಈ ಮೂರು ಜನ ಒಬ್ಬರಾದ ಮೇಲೆ ಒಬ್ಬರು ಕಥೆ ಹೇಳ್ತಾ ಹೋಗ್ತಾರೆ.

ಓಟ, ಕಾದಾಟ, ಸ್ವಲ್ಪ ಪ್ರೇಮ, ಇವೆಲ್ಲ ಇಂಥ ಪುಸ್ತಕಗಳಲ್ಲಿ ಇದ್ದೇ ಇರುತ್ತೆ. ಪ್ರೇಮದ ಭಾಗ ನನಗೆ ಅಷ್ಟು ರುಚಿಸಲಿಲ್ಲ, ತನ್ನವರನ್ನ ಕೊಲ್ಲೋಕೆ ಬಂದವನ ಕಣ್ಣು ನೋಡಿ ಕರಗೋದು ಯಾವ ಊರಿನ ನ್ಯಾಯ ಅನ್ನಿಸಿತು. ಅಕ್ಕನ ಮಗಳು ನನ್ನ ಜೊತೆ ಈ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ಇರಲಿ.

ನನ್ನನ್ನ ಹಿಡಿದು ಕೂರಿಸಿದ್ದು ಶುರುವಿನಲ್ಲೇ ಬರೋ ಮುದುಕಿ, ಮಾಮಾ ಅಗ್ಬಾ. ಹೊರಗಿನವರಿಗೆ ಅವಳದ್ದು ಬಟ್ಟೆ ಹೊಲಿಯೋ ಗುಡಿಸಲು. ಒಳಗೆ ಹುಡುಗಿಯರಿಗೆ ಕೋಲು ತಿರುಗಿಸೋದು ಕಲಿಸ್ತಾಳೆ. ಸಿಪಾಯಿಗಳು ಬಂದರೆ ಎಲ್ಲರ ಕೈಗೂ ಸೂಜಿ ದಾರ. ಕೋಲು ಮಾಯ. ನಮ್ಮ ಹಾಡಿಯ, ಕೇರಿಯ ಟೈಲರಿಂಗ್ ತರಬೇತಿ ಕೇಂದ್ರಗಳು ನೆನಪಾದವು. ಇಲಾಖೆಯ ಲೆಕ್ಕದಲ್ಲಿ ಅದು ಹೊಲಿಗೆ ತರಬೇತಿ. ಎಷ್ಟೋ ಊರಲ್ಲಿ ನಮ್ಮ ಹೆಣ್ಣುಮಕ್ಕಳು ಸಂವಿಧಾನದ ಪೀಠಿಕೆಯನ್ನ ಮೊದಲು ಬಾಯಿಪಾಠ ಮಾಡಿದ್ದು ಆ ಮಿಷನ್‌ಗಳ ಮುಂದೆ ಕೂತು ಅಂತ ಆ ಇಲಾಖೆಗೆ ಗೊತ್ತೇ ಇಲ್ಲ.

ಪುಸ್ತಕದ ಕೊನೆಗೆ ಲೇಖಕಿಯ ಒಂದು ಟಿಪ್ಪಣಿ ಇದೆ. ಕಥೆ ಮುಗೀತು ಅಂತ ಮುಚ್ಚಿಡಬೇಡಿ, ಅದನ್ನ ಓದಿ. ಟಿವಿ ಹಾಕಿದರೆ ಸಾಕು, ಆಯುಧ ಇಲ್ಲದ ಕಪ್ಪು ಜನರನ್ನ, ಮಕ್ಕಳನ್ನ ಪೊಲೀಸರು ಗುಂಡಿಟ್ಟು ಕೊಂದ ಸುದ್ದಿ. ಆ ದಿನಗಳಲ್ಲಿ ಈ ಕಾದಂಬರಿ ಬರೆದೆ ಅಂತಾಳೆ. ಒಬ್ಬರ ಮನಸ್ಸಾದರೂ ಬದಲಾದರೆ ಸಾಕು ಅಂದುಕೊಂಡು ಬರೆದಳಂತೆ. ಕಾದಂಬರಿಯಲ್ಲಿ ಸತ್ತ ಮಕ್ಕಳಿಗೆ ಅತ್ತಿದ್ದರೆ ಇವರಿಗೂ ಅಳಿ ಅಂತ ಹೆಸರು ಕೊಡ್ತಾಳೆ: ಜೋರ್ಡನ್ ಎಡ್ವರ್ಡ್ಸ್, ಟಮೀರ್ ರೈಸ್, ಅಯಾನಾ ಸ್ಟ್ಯಾನ್ಲಿ ಜೋನ್ಸ್. ಟಮೀರ್‌ಗೆ 12 ವರ್ಷ, 2014ರಲ್ಲಿ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ ಆಟದ ಗನ್ನು ಹಿಡಿದು ಆಡ್ತಿದ್ದ ಹುಡುಗ. ಅಯಾನಾಗೆ 7 ವರ್ಷ, 2010ರಲ್ಲಿ ಡೆಟ್ರಾಯಿಟ್‌ನಲ್ಲಿ ಮನೆಯೊಳಗೆ ಮಲಗಿದ್ದವಳು. ಜೋರ್ಡನ್‌ಗೆ 15, 2017ರಲ್ಲಿ ಟೆಕ್ಸಸ್‌ನಲ್ಲಿ ಕಾರಿನಲ್ಲಿ ಕೂತು ಹೊರಟಿದ್ದವನು.

ಈ ಪುಟ ಓದಿದಾಗ ನಾನು ಬಸ್ಸಿನಲ್ಲಿದ್ದೆ. ಕಂಬಾಲಪಲ್ಲಿ ನೆನಪಾಯ್ತು. 2000ದ ಮಾರ್ಚ್, 7 ಜನ ದಲಿತರನ್ನ ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ನಾವೂ ವರದಿ ಬರೆದ್ವಿ, ಕರಪತ್ರ ಹಂಚಿದ್ವಿ, ಮೆರವಣಿಗೆ ಹೋದ್ವಿ, ಹಾಡು ಕಟ್ಟಿದ್ವಿ. ಮಕ್ಕಳ ಕೈಗೆ ಕೊಡೋಕೆ ಒಂದು ಕಥೆ ಕಟ್ಟಲಿಲ್ಲ. ಇದು ದೂರಲ್ಲ, ಆಗ ಪುರುಸೊತ್ತೂ ಇರಲಿಲ್ಲ. ಆದರೆ 2000ದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮದುವೆ ವಯಸ್ಸು ದಾಟಿದೆ. ಕೇಳಿದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಆ ಊರಿನ ಹೆಸರು ಗೊತ್ತಿಲ್ಲ. ಹ್ಯಾರಿ ಪಾಟರ್ ಶಾಲೆ ಹೆಸರು ಎಲ್ಲರಿಗೂ ಗೊತ್ತು.

ಈಗ ಇನಾನ್ ವಿಷಯಕ್ಕೆ ಬರ್ತೀನಿ. ಪುಸ್ತಕದ ಜೀವ ನನ್ನ ಪ್ರಕಾರ ಅವನೇ.

ಯುವರಾಜ ಇನಾನ್ ಆ ಸುರುಳಿ ಮುಟ್ಟಿದ ಮೇಲೆ ಅವನೊಳಗೂ ಶಕ್ತಿ ಎದ್ದುಬಿಡುತ್ತೆ. ತಲೆಯಲ್ಲಿ ಒಂದು ಎಳೆ ಬಿಳೀ ಕೂದಲು. ಯಾರನ್ನ ಅಟ್ಟಿಸಿಕೊಂಡು ಹೊರಟಿದ್ದಾನೋ ಆ ಜಾತಿಯವನೇ ತಾನು ಅಂತ ಗೊತ್ತಾಗಿಬಿಡುತ್ತೆ. ಆಮೇಲಿಂದ ಪುಟ ಪುಟಕ್ಕೂ ಅವನ ಕೆಲಸ ಆ ಬಿಳಿ ಎಳೆ ಮುಚ್ಚೋದು. ಶಿರಸ್ತ್ರಾಣ ತೆಗೆಯಲ್ಲ. ಒಳಗಿನ ಶಕ್ತಿಯನ್ನ ಹಲ್ಲು ಕಚ್ಚಿ ಅದುಮಿಡ್ತಾನೆ, ಅದುಮಿದಷ್ಟೂ ಮೈ ಸೋಲುತ್ತೆ. ಅಪ್ಪನಿಗೆ ಗೊತ್ತಾದರೆ ಕೊಲ್ತಾನೆ ಅನ್ನೋ ಭಯ ಒಂದು ಕಡೆ, ಅಪ್ಪನ ಕಣ್ಣಲ್ಲಿ ಒಳ್ಳೆಯವನಾಗಬೇಕು ಅನ್ನೋ ಹಸಿವು ಇನ್ನೊಂದು ಕಡೆ.

ಗೆಳೆಯರೇ, ಈ ಇನಾನ್ ನಮ್ಮ ಆಫೀಸಿನಲ್ಲಿದ್ದಾನೆ. ನಿಮ್ಮ ಆಫೀಸಿನಲ್ಲೂ ಇದ್ದಾನೆ. ನಾನು ಸಿಬ್ಬಂದಿ ಶಾಖೆ ನೋಡಿಕೊಳ್ಳೋಳು. ಜ್ಯೇಷ್ಠತಾ ಪಟ್ಟಿ, ರೋಸ್ಟರ್, ಸೇವಾ ಪುಸ್ತಕ ಎಲ್ಲ ನನ್ನ ಬೀರುವಿನಲ್ಲೇ. ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ಕಾಲಂ ಇರುತ್ತೆ, ಅಲ್ಲಿ ಎರಡು ಅಕ್ಷರ: ಪ.ಜಾ. ಆ ಎರಡು ಅಕ್ಷರವೇ ನಮ್ಮ ಬಿಳೀ ಕೂದಲು. ಪಟ್ಟಿ ಪ್ರಕಟ ಆದ ದಿನ ಎಲ್ಲರೂ ಬಂದು ನೋಡೋದು ತಮ್ಮ ಹೆಸರನ್ನಲ್ಲ, ಪಕ್ಕದವರ ಕಾಲಮ್ಮನ್ನ. ಅವತ್ತು ಸಂಜೆ ಕಾಫಿಗೆ ಕರೆಯೋರ ಸಂಖ್ಯೆ ಬದಲಾಗಿರುತ್ತೆ.

ವರ್ಗಾವಣೆಯಾಗಿ ಬಂದ ಒಬ್ಬರು ಇದ್ದಾರೆ, ನನಗಿಂತ ಮೇಲಿನ ದರ್ಜೆ. ಅವರ ಸೇವಾ ಪುಸ್ತಕ ನಾನೇ ನೋಡಿದ್ದು. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಅವರು ಬಾಡಿಗೆಗಿರೋ ಮನೆಯಲ್ಲಿ ಶ್ರಾವಣದ ಪೂಜೆ, ಮಾಲೀಕರಿಗಿಂತ ಒಂದು ಕೈ ಹೆಚ್ಚು. ಡಬ್ಬಿಯಲ್ಲಿ ಮೊಟ್ಟೆ ಕೂಡ ಬರಲ್ಲ. ಮಕ್ಕಳ ಹೆಸರಿಗೆ ಊರಿನ ಹೆಸರು ಸೇರಿಸಿದ್ದಾರೆ, ಕೇಳಿದವರು ಯಾವ ಜನ ಅಂತ ಬೇಕಾದ ಹಾಗೆ ಅಂದುಕೊಳ್ಳಲಿ ಅಂತ. ಮೀಸಲಾತಿ ಬಗ್ಗೆ ಕ್ಯಾಂಟೀನ್ ಮಾತು ಶುರುವಾದರೆ ಅವರ ನಗು ಎಲ್ಲರಿಗಿಂತ ಅರ್ಧ ಸೆಕೆಂಡು ತಡವಾಗಿ ಬರುತ್ತೆ. ಅದು ನನಗೆ ಮಾತ್ರ ಕಾಣುತ್ತೆ. ಪ್ರತಿ ಏಪ್ರಿಲ್‌ನಲ್ಲಿ ಜಯಂತಿಗೆ ಮುಂಚೆ ನನ್ನ ಫೋನಿಗೆ ಅವರಿಂದ 2000 ರೂಪಾಯಿ ಬರುತ್ತೆ. ಒಂದು ಮಾತಿಲ್ಲ, ಮೆಸೇಜಿಲ್ಲ. ಪಟ್ಟಿಯಲ್ಲಿ ನಾನು 'ಹಿತೈಷಿಗಳು' ಅಂತ ಬರೀತೀನಿ.

ನಮ್ಮ ಸಂಘಟನೆ ಗೆಳೆಯರು ಇಂಥವರ ಬಗ್ಗೆ ಬಹಳ ಕಟುವಾಗಿ ಮಾತಾಡ್ತಾರೆ. ಬಾಬಾಸಾಹೇಬರ ಅನ್ನ ತಿಂದು ಮುಖ ಮುಚ್ಚಿಕೊಳ್ಳೋರು ಅಂತ. ನಾನು ಅಷ್ಟು ಕಟುವಾಗಲಾರೆ. ಅವರ ಮನೆ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಅವರ ಮಗಳು ಎಸ್ಸೆಸ್ಸೆಲ್ಸಿ. ವರ್ಷದ ನಡುವೆ ಮನೆ ಖಾಲಿ ಮಾಡಿಸಿದರೆ ಎಲ್ಲಿಗೆ ಹೋಗ್ತಾರೆ ಅಂತ ಕೇಳಿದರೆ ನಮ್ಮ ಗೆಳೆಯರ ಹತ್ತಿರ ಘೋಷಣೆ ಇದೆ, ಮನೆ ಇಲ್ಲ. ಹಾಗಂತ ಇನಾನ್ ಮಾಡಿದ್ದು ನನಗೆ ಒಪ್ಪಿಗೆಯೂ ಇಲ್ಲ. ಅವನು ತನ್ನನ್ನ ಮುಚ್ಚಿಕೊಂಡಿದ್ದಷ್ಟೇ ಆಗಿದ್ದರೆ ಬಿಡಬಹುದಿತ್ತು. ಕೊನೆಗೆ ಅಪ್ಪನ ಕಡೆಗೇ ವಾಲಿ ನಂಬಿದವರನ್ನ ಬಿಟ್ಟುಕೊಡ್ತಾನೆ. ಅಷ್ಟೆಲ್ಲ ಮಾಡಿದರೂ ಮಗನ ಮೈಯಲ್ಲಿ ಮ್ಯಾಜಿಕ್ ಕಂಡ ಕ್ಷಣ ಅಪ್ಪ ಅವನಿಗೂ ಕತ್ತಿ ಇಡ್ತಾನೆ. 2000 ರೂಪಾಯಿ ಕಳಿಸೋರು ಇನ್ನೂ ಆ ಗೆರೆ ದಾಟಿಲ್ಲ. ಆ ವ್ಯತ್ಯಾಸ ನಾವು ಕಾಣಬೇಕು.

ಝೆಲೀಗೂ ಒಂದು ಕತ್ತಿ ಕಾದಿರುತ್ತೆ. ಸೆರೆ ಸಿಕ್ಕಾಗ ಆ 'ಹುಳ' ಅನ್ನೋ ಬೈಗುಳವನ್ನೇ ಅವಳ ಬೆನ್ನ ಮೇಲೆ ಕೊರೀತಾರೆ. ಆ ಪುಟ ನಾನು ಗುಂಪಿನ ಮಕ್ಕಳಿಗೆ ಹೇಳೋವಾಗ ದನಿ ಇಳಿಸಿ ಬೇಗ ದಾಟಿಬಿಡೋಣ ಅಂದುಕೊಂಡಿದ್ದೆ. ಏಳನೇ ಕ್ಲಾಸಿನ ಒಬ್ಬ ಹುಡುಗ ಮಧ್ಯದಲ್ಲೇ, "ಏನಂತ ಬರೆದ್ರಕ್ಕಾ?" ಅಂತ ಕೇಳಿದ. ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಕೊರೆಯಲ್ಲ, ಬಾಯಲ್ಲೇ ಅಂತಾರೆ" ಅಂದ. ಉಳಿದ ಮಕ್ಕಳು ಯಾರೂ ಏನೂ ಅನ್ನಲಿಲ್ಲ. ಒಬ್ಬಳು ಎದ್ದು ಹೋಗಿ ನೀರು ಕುಡಿದು ಬಂದಳು.

ಇದನ್ನ ಮೂರು ಭಾನುವಾರ ಹೇಳಿದೆ. ಅಂಬೇಡ್ಕರ್ ಭವನದ ಹಿಂದಿನ ಕೋಣೆ, ಒಂದು ಫ್ಯಾನು, ಹತ್ತು ಹದಿನೈದು ಮಕ್ಕಳು, ಅರ್ಧ ಜನ ಹಾಸ್ಟೆಲಿನವರು. ಶಕ್ತಿ ಸಿಕ್ಕರೆ ಯಾವ ಕುಲ ಬೇಕು ಅಂತ ಕೇಳಿದ್ದಕ್ಕೆ ಹುಡುಗರೆಲ್ಲ ಬೆಂಕಿ ಅಂದ್ರು. ಹುಡುಗಿಯರಲ್ಲಿ ನಾಲ್ವರು ಮನಸ್ಸಿನೊಳಗೆ ಹೋಗೋ ಶಕ್ತಿ ಬೇಕು ಅಂದ್ರು. ಯಾಕೆ ಅಂದರೆ, ಒಬ್ಬಳು: "ವಾರ್ಡನ್ ಏನು ಯೋಚನೆ ಮಾಡ್ತಾರೆ ತಿಳ್ಕೋಬೋದು." ಸರಿಯಾದ ರಾಜಕೀಯ.

ಪುಸ್ತಕ ಎರಡನೇ ಭಾಗಕ್ಕೆ ಹೋಗುತ್ತೆ, ಅದು 2019ರ ಡಿಸೆಂಬರ್‌ನಲ್ಲಿ ಬಂತು, ಮೂರನೆಯದು 2024ರಲ್ಲಿ. ಮೊದಲ ಭಾಗದ ಕೊನೆಗೆ ಮ್ಯಾಜಿಕ್ ವಾಪಸ್ ಬರುತ್ತೆ. ಆದರೆ ಬರೀ ಬಿಳೀ ಕೂದಲಿನವರಿಗಲ್ಲ, ಅರಮನೆಯವರಿಗೂ, ಸೇನಾಧಿಕಾರಿಗಳಿಗೂ, ಎಲ್ಲೋ ಹಳೇ ಪೀಳಿಗೆಯಲ್ಲಿ ಒಂದು ತೊಟ್ಟು ಮಾಜಿ ರಕ್ತ ಇದ್ದ ದೊಡ್ಡಮನುಷ್ಯರಿಗೂ ಬಂದುಬಿಡುತ್ತೆ. ಇದನ್ನ ಹೇಳಿದಾಗ ಪದವಿ ಓದ್ತಿರೋ ಹುಡುಗ, "ಅಕ್ಕಾ, ಇದು ಇಡಬ್ಲ್ಯೂಎಸ್" ಅಂದ. 103ನೇ ತಿದ್ದುಪಡಿ, ಅದೇ 2019, ಶೇಕಡಾ 10. ಅಡೆಯೆಮಿಗೆ ನಮ್ಮ ಪಾರ್ಲಿಮೆಂಟಿನ ಸುದ್ದಿ ಗೊತ್ತಿರೋಕೆ ಸಾಧ್ಯ ಇಲ್ಲ. ಆಳೋರ ಬುದ್ಧಿ ಎಲ್ಲ ಕಡೆ ಒಂದೇ ಥರ ಓಡುತ್ತೆ ಅಂತ ಅಂದುಕೊಂಡೆ.

ಈಗ ನನ್ನ ತಕರಾರು. ಪುಸ್ತಕ ಇಷ್ಟ ಆಯ್ತು ಅಂತ ಎಲ್ಲದಕ್ಕೂ ತಲೆಯಾಡಿಸೋಕಾಗಲ್ಲ.

ಇಲ್ಲಿ ಶಕ್ತಿ ರಕ್ತದಲ್ಲಿದೆ. ಹೆಸರಲ್ಲೇ ರಕ್ತ, ಮೂಳೆ. ಹುಟ್ಟಿದಾಗಲೇ ಕೂದಲಿನ ಬಣ್ಣ ಹೇಳುತ್ತೆ ನೀನು ಯಾರು ಅಂತ. ಅಮೆರಿಕದಲ್ಲಿ, ಚರ್ಮದ ಬಣ್ಣ ನೋಡಿ ಗುಂಡು ಹಾರಿಸೋ ಕಡೆ, ಆ ಬಣ್ಣವನ್ನೇ ಹೆಮ್ಮೆಯ ಗುರುತು ಮಾಡೋದಕ್ಕೆ ಅರ್ಥ ಇದೆ. ರಾಣಿಯಾದ ತಾಯಿ ಅಮಾರಿಯ ಕಪ್ಪು ಬಣ್ಣಕ್ಕೆ ಕೊರಗಿ ಬೆಳ್ಳಗೆ ಮಾಡೋಕೆ ಹೆಣಗೋದನ್ನ ಓದಿದರೆ ಆ ನೋವು ಎಷ್ಟು ಹಳೇದು ಅಂತ ತಿಳಿಯುತ್ತೆ. ಆದರೆ ನಾವು ಇದನ್ನ ಹಾಗೇ ತಂದು ಇಲ್ಲಿ ನೆಡೋಕಾಗಲ್ಲ. ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ, ಅದು 1936ರಲ್ಲೇ, ಜಾತಿ ಅನ್ನೋದು ಜನಾಂಗದ ವಿಭಜನೆ ಅಲ್ಲ, ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಜನಾಂಗ ಅಂತ ಬರೆದರು. ರಕ್ತದಲ್ಲಿ ಏನೋ ಇದೆ ಅನ್ನೋ ಮಾತು ನಮ್ಮನ್ನ ಎರಡು ಸಾವಿರ ವರ್ಷ ಕೆಳಗೆ ಕೂರಿಸಿದ ಮಾತು. ಅದನ್ನೇ ತಿರುವಿ ಹಾಕಿ ನಮ್ಮ ರಕ್ತ ಶ್ರೇಷ್ಠ ಅಂದರೆ ಆಟ ಅವರದ್ದೇ, ಮಣೆ ಅವರದ್ದೇ.

ಇನ್ನೊಂದು, ಅಲ್ಲಿ ಎರಡೇ ಪಕ್ಷ. ಶಕ್ತಿ ಇದ್ದವರು, ಇಲ್ಲದವರು. ನಮ್ಮಲ್ಲಿ ಮೆಟ್ಟಿಲು. ತುಳಿಸಿಕೊಂಡವನ ಕಾಲಡಿ ಇನ್ನೊಬ್ಬ. ಒಳಮೀಸಲಾತಿ ಗಲಾಟೆಯಲ್ಲಿ ನಾವು ನಾವೇ ಈ ಗೋಡೆಗಳ ಮೇಲೆ ಏನೇನು ಬರೆದುಕೊಂಡ್ವಿ ಅನ್ನೋದು ಎಲ್ಲರಿಗೂ ನೆನಪಿದೆ, ಬಿಡಿ.

ದೇವರ ವಿಷಯ ಇನ್ನೂ ಗಂಟು. ಅಡೆಯೆಮಿ ಬ್ರೆಜಿಲಿನ ಸಾಲ್ವಡೋರ್ ಊರಿಗೆ ಓದೋಕೆ ಹೋಗಿದ್ದಾಗ ಒಂದು ಉಡುಗೊರೆ ಅಂಗಡಿಯಲ್ಲಿ ಒರಿಶಾ ದೇವತೆಗಳ ಚಿತ್ರ ನೋಡಿದಳಂತೆ, ಕಪ್ಪು ದೇವರುಗಳು. ಅಲ್ಲಿಂದ ಕಥೆ ಹುಟ್ಟಿತು. ಆ ದೇವರುಗಳು ಬ್ರೆಜಿಲಿಗೆ ಹೋಗಿದ್ದು ಗುಲಾಮರ ಹಡಗಿನಲ್ಲಿ. ಯಜಮಾನರು ಬೈಬಲ್ ಹೇರಿದಾಗ ಆ ಜನ ಕ್ಯಾಥೊಲಿಕ್ ಸಂತರ ಚಿತ್ರದ ಹಿಂದೆ ತಮ್ಮ ಯೆಮೊಜಾ, ಒಗುನ್, ಶಾಂಗೊ ದೇವರನ್ನ ಬಚ್ಚಿಟ್ಟುಕೊಂಡು ಉಳಿಸಿದರು. ಕಸಿದುಕೊಂಡ ದೇವರನ್ನ ವಾಪಸ್ ಪಡೆಯೋದು ಅವರಿಗೆ ಬಿಡುಗಡೆ. ನಮಗೆ 1956ರ ನಾಗಪುರ ಇದೆ, 22 ಪ್ರತಿಜ್ಞೆ ಇದೆ. ಬಿಟ್ಟು ಬರೋದು ನಮ್ಮ ಬಿಡುಗಡೆ. ಎರಡೂ ಒಂದೇ ದಾರಿ ಅಂತ ಸುಲಭವಾಗಿ ಹೇಳಿಬಿಡೋರನ್ನ ನಾನು ನಂಬಲ್ಲ.

ಹಾಗಂತ ನಮ್ಮಲ್ಲಿ ಶಕ್ತಿ ಇದ್ದ ಹುಡುಗರ ಕಥೆ ಇರಲಿಲ್ವಾ? ತುಳುನಾಡಿನ ಕೊರಗ ತನಿಯನ ಪಾಡ್ದನ ಕೇಳಿ. ತಬ್ಬಲಿ ಕೊರಗ ಹುಡುಗ. ಏಳು ಜನ ಹೊರೋ ಹೊರೆಯನ್ನ ಒಬ್ಬನೇ ಹೊತ್ತವನು. ಹೊತ್ತು ತಂದಿದ್ದು ದೇವಸ್ಥಾನಕ್ಕೆ. ಹೊರೆ ಒಳಗೆ ಹೋಗಬಹುದು, ಹೊತ್ತವನು ಹೋಗಬಾರದು. ಮಾದಳದ ಹಣ್ಣು ಕೀಳೋಕೆ ಹೋದವನು ಅಲ್ಲೇ ಮಾಯ ಆದ ಅಂತ ಕಥೆ. ಇವತ್ತು ಅವನು ಕೊರಗಜ್ಜ, ಕಳೆದುಹೋದ ಮೊಬೈಲಿನಿಂದ ಹಿಡಿದು ಕೋರ್ಟು ಕೇಸಿನ ತನಕ ಎಲ್ಲ ಜಾತಿಯವರೂ ಹರಕೆ ಹೇಳಿಕೊಳ್ಳೋ ದೈವ. ಅದೇ ನೆಲದಲ್ಲಿ ಅವನ ಜನಕ್ಕೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸೋ ಅಜಲು ಪದ್ಧತಿ ಇತ್ತು. ತಮ್ಮ ರೋಗ, ಕಂಟಕ ಕೊರಗರಿಗೆ ಹೋಗಲಿ ಅಂತ. ಅದನ್ನ ನಿಷೇಧಿಸೋ ಕಾನೂನು ಬರೋಕೆ 2000ನೇ ಇಸವಿ ಆಗಬೇಕಾಯ್ತು. ಹುಡುಗನಿಗೆ ಶಕ್ತಿ ಇತ್ತು, ಎಲ್ಲರೂ ಕೈಮುಗಿದರು, ಅವನ ಅಕ್ಕತಂಗಿಯರ ಎಲೆ ಮೇಲೆ ಉಗುರು ಹಾಗೇ ಇತ್ತು.

ಇದನ್ನ ಹೇಳಿದ ದಿನವೇ ಪಿಯುಸಿ ಓದ್ತಿರೋ ಒಬ್ಬ ಹುಡುಗಿ ಕೇಳಿದಳು, "ಅಕ್ಕಾ, ಝೆಲೀಗೆ ಮ್ಯಾಜಿಕ್ ವಾಪಸ್ ಬರದೇ ಇದ್ದಿದ್ರೆ ಅವಳಿಗೆ ಮರ್ಯಾದೆ ಕೇಳೋ ಹಕ್ಕು ಇರ್ತಿರಲಿಲ್ವಾ?"

ನಾನು ಎಷ್ಟೋ ಶಿಬಿರದಲ್ಲಿ ಕೂತಿದ್ದೀನಿ, ದೊಡ್ಡ ದೊಡ್ಡವರ ಭಾಷಣ ಕೇಳಿದ್ದೀನಿ. ಇಂಥ ಪ್ರಶ್ನೆ ಅಪರೂಪ. ಏನೂ ವಿಶೇಷ ಇಲ್ಲದ, ರ‍್ಯಾಂಕ್ ಬರದ, ಹಾಡು ಬರದ, ಸುಮ್ಮನೆ ಮನುಷ್ಯರಾಗಿರೋ ಹುಡುಗ ಹುಡುಗಿಗೂ ಮರ್ಯಾದೆ ಬೇಕಲ್ಲ. ನಾವೇ 'ಪ್ರತಿಭಾ ಪುರಸ್ಕಾರ'ದ ಸ್ಟೇಜಿಗೆ ಹತ್ತಿಸೋದು ಶೇಕಡಾ 90 ತೆಗೆದವರನ್ನ. ಅವತ್ತು ಗುಂಪು ಒಂದು ಗಂಟೆ ಇದನ್ನೇ ಮಾತಾಡಿತು.

ಈ ಹುಡುಗಿಯ ಬಗ್ಗೆ ಬರೆಯೋಕೇ ಈ ಪೋಸ್ಟ್ ಶುರು ಮಾಡಿದ್ದು. ಹೆಸರು ಹಾಕಲ್ಲ, ಅವಳ ಒಪ್ಪಿಗೆ ಕೇಳಿ ಇಷ್ಟು ಬರೀತಿದ್ದೀನಿ. ಅವಳು ಒಂದು ಕಥೆ ಬರೀತಿದ್ದಾಳೆ. ಕನ್ನಡದಲ್ಲಿ, 200 ಪೇಜಿನ ನೋಟ್‌ಬುಕ್ಕಿನಲ್ಲಿ, ನೀಲಿ ಪೆನ್ನಿನಲ್ಲಿ. ಅವಳ ಕಥೆಯ ಊರಲ್ಲಿ ಒಂದು ವಿಚಿತ್ರ ಇದೆ. ಯಾರ ಮನೆ ನೀರು ಕುಡಿದರೂ ಆ ಮನೆಯವರ ನೆನಪುಗಳು ಕುಡಿದವರಿಗೆ ಬರ್ತವೆ. ಮನೆಯವರು ಮಾಡಿದ್ದು, ಮುಚ್ಚಿಟ್ಟಿದ್ದು, ಯಾರ ಜಮೀನು ಹೇಗೆ ಬರೆಸಿಕೊಂಡಿದ್ದು, ಎಲ್ಲ. ಅದಕ್ಕೇ ಮೇಲಿನ ಬೀದಿಯವರು ಕೇರಿಯವರಿಗೆ ನೀರು ಕೊಡಲ್ಲ. ಮೈಲಿಗೆ ಅಂತ ಹೇಳ್ತಾರೆ, ನಿಜವಾದ ಕಾರಣ ಭಯ. ಒಂದು ದಿನ ಮಳೆ ಬಂದು ಮೇಲಿನ ಬೀದಿಯ ಬಾವಿ ಉಕ್ಕಿ ಕೇರಿಯೊಳಗೆ ಹರೀತದೆ.

ನನಗೆ ಕೇಳಿ ಮೈ ಜುಮ್ಮಂದಿತು. ಮಹಾಡ್‌ನ ಚೌದಾರ್ ಕೆರೆ, 1927, ಎಷ್ಟು ಸಲ ಭಾಷಣ ಮಾಡಿದ್ದೀವಿ. ನೀರಿನ ಬಗ್ಗೆ ಹೀಗೆ ಯೋಚನೆ ಮಾಡಿದ್ದು ನಾನು ಎಲ್ಲೂ ಓದಿಲ್ಲ. ಗಮನಿಸಿ, ರಕ್ತದ ಗೊಡವೆಯೇ ಇಲ್ಲ ಇಲ್ಲಿ. ಯಾರು ಕುಡಿದರೂ ಬರುತ್ತೆ.

ಇದರ ಮೊದಲ ಅಧ್ಯಾಯವನ್ನ ಅವಳು ತನ್ನ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಟ್ಟಿದ್ದಳು. ಉಪನ್ಯಾಸಕರೊಬ್ಬರು ವಾಪಸ್ ಕೊಟ್ಟರು. ಕೆಟ್ಟವರಲ್ಲವಂತೆ, ಪ್ರಗತಿಪರರಂತೆ, ನಮ್ಮ ಕಾರ್ಯಕ್ರಮಗಳಿಗೂ ಬರೋರಂತೆ. ಅವರು ಹೇಳಿದ್ದು: "ಇದೆಲ್ಲ ವಾಸ್ತವ ಅಲ್ಲಮ್ಮ. ನಿನ್ನ ಅನುಭವ ಬರಿ. ನಿಮ್ಮ ಕೇರಿ, ನಿಮ್ಮ ತಾಯಿ ಪಟ್ಟ ಕಷ್ಟ, ಅದು ಬರೆದರೆ ಮೊದಲ ಪುಟಕ್ಕೆ ಹಾಕ್ತೀನಿ." ಪಕ್ಕದ ಬೆಂಚಿನ ಹುಡುಗ ಅನ್ಯಗ್ರಹದವರ ಬಗ್ಗೆ ಬರೆದ ಕಥೆಯನ್ನ ತಗೊಂಡಿದ್ದಾರೆ. ಅವನಿಗೆ ವಾಸ್ತವದ ಷರತ್ತಿಲ್ಲ.

ನನಗೆ ಸಿಟ್ಟು ಬಂದಿದ್ದು ಇಲ್ಲಿ. ನಾನು ದಲಿತ ಆತ್ಮಕಥೆಗಳನ್ನ ಓದಿ ಬೆಳೆದವಳು. 'ಊರು ಕೇರಿ', 'ಗೌರ್ಮೆಂಟ್ ಬ್ರಾಹ್ಮಣ' ಇಲ್ಲದಿದ್ದರೆ ನಾನು ಇವತ್ತು ಈ ಪೋಸ್ಟ್ ಬರೆಯೋಳೇ ಅಲ್ಲ. ಅದಕ್ಕೇ ಹೇಳ್ತಿದ್ದೀನಿ, ಕಣ್ಣೀರಿನ ಕೌಂಟರ್ ಒಂದನ್ನೇ ನಮಗೆ ತೆರೆದಿಟ್ಟು ಉಳಿದ ಕೌಂಟರ್ ಮುಚ್ಚೋದನ್ನ ಒಪ್ಪೋಕಾಗಲ್ಲ. ಮತ್ತೆ ಇದು ನಮ್ಮಲ್ಲಿ ಹೊಸತೂ ಅಲ್ಲ. ದೇವನೂರರ 'ಕುಸುಮಬಾಲೆ'ಯಲ್ಲಿ ಮಂಚ ಮಾತಾಡುತ್ತೆ, ದೀಪದ ಜೋತಮ್ಮಗಳು ರಾತ್ರಿ ಸೇರಿ ಊರಿನ ಸುದ್ದಿ ಹಂಚಿಕೊಳ್ತವೆ. ಅದು ಬಂದಿದ್ದು 1984ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಕೊಟ್ಟರು. ಆ ಉಪನ್ಯಾಸಕರು ಅದನ್ನ ಖಂಡಿತ ಪಾಠ ಮಾಡಿರ್ತಾರೆ. ಮಂಚಕ್ಕೆ ಮಾತು ಬರಬಹುದು, ಬಾವಿಗೆ ನೆನಪು ಇರಬಾರದಾ?

ಫುಲೆ ಅವರು 1873ರಲ್ಲಿ 'ಗುಲಾಮಗಿರಿ'ಯನ್ನ ಅಮೆರಿಕದಲ್ಲಿ ಗುಲಾಮಗಿರಿ ವಿರುದ್ಧ ನಿಂತ ಜನಕ್ಕೆ ಅರ್ಪಿಸಿದರು. 1946ರಲ್ಲಿ ಬಾಬಾಸಾಹೇಬರು ಡುಬೊಯ್ಸ್‌ಗೆ ಪತ್ರ ಬರೆದರು. 1972ರಲ್ಲಿ ಮುಂಬೈ ಹುಡುಗರು ಬ್ಲ್ಯಾಕ್ ಪ್ಯಾಂಥರ್ ಹೆಸರು ತಗೊಂಡು ದಲಿತ ಪ್ಯಾಂಥರ್ ಕಟ್ಟಿದರು. ಆ ಕಡೆಯಿಂದ ನಾವು ಹೋರಾಟ ತಂದ್ವಿ, ಕಾವ್ಯ ತಂದ್ವಿ. ಮಕ್ಕಳ ಪುಸ್ತಕ ತರೋದು ಮರೆತ್ವಿ. ಲಾಗೋಸಿನ ಸಂತೆಯನ್ನ ಓದಿದ ಹುಡುಗಿ ತನ್ನೂರಿನ ಬಾವಿ ಬರೀತಾಳೆ ಅಂತ ಯಾರು ಅಂದುಕೊಂಡಿದ್ವಿ.

ಅದಕ್ಕೆ ಒಂದು ಕೆಲಸ ಶುರು ಮಾಡಿದ್ದೀವಿ. ಕಾಲೇಜಿನ ಸಂಚಿಕೆಗೆ ಮತ್ತೆ ಕೈಮುಗಿಯೋದಿಲ್ಲ. ಗುಂಪಿನ ಮಕ್ಕಳ ಕಥೆಗಳನ್ನ ನಾವೇ ಅಚ್ಚು ಮಾಡಿಸ್ತೀವಿ. ಮೊದಲು ಜೆರಾಕ್ಸ್ ಪ್ರತಿ, ಪಿನ್ ಹೊಡೆದು. ನನ್ನ ಸಂಜೆಗಳಲ್ಲಿ ನುಡಿಯಲ್ಲಿ ಟೈಪ್ ಮಾಡ್ತಿದ್ದೀನಿ, ಇಪ್ಪತ್ತು ವರ್ಷ ಸುತ್ತೋಲೆ ಟೈಪ್ ಮಾಡಿದ ಬೆರಳು, ಈಗ ಒಂದು ಸಂತೋಷದ ಕೆಲಸ. ಹಿತೈಷಿಗಳು ಏಪ್ರಿಲ್ ತನಕ ಕಾಯಲಿಲ್ಲ, ಮೊನ್ನೆಯೇ ಕಳಿಸಿದರು. ಈ ಸಲ ಒಂದು ಮೆಸೇಜೂ ಇತ್ತು: ಮಗಳಿಗೆ ಒಂದು ಪ್ರತಿ ಬೇಕು.

ಹುಡುಗಿ ನಾಲ್ಕನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ. ಬಾವಿ ಉಕ್ಕಿದ ಮೇಲೆ ಮೇಲಿನ ಬೀದಿಯ ಒಬ್ಬ ಹುಡುಗ ಬಾಯಾರಿ ಕೇರಿಗೆ ಬಂದು ನೀರು ಕೇಳ್ತಾನೆ. ಕೊಡಬೇಕಾ? ಕೊಟ್ಟರೆ ಇವರ ನೆನಪೆಲ್ಲ ಅವನಿಗೆ ಹೋಗುತ್ತೆ. ಹೋದ ಭಾನುವಾರ ಗುಂಪು ಎರಡು ಭಾಗ ಆಯ್ತು. ಕೊಡಲಿ, ಅವನಿಗೂ ತಿಳೀಲಿ ಅಂತ ಅರ್ಧ. ನಮ್ಮ ಅಮ್ಮಂದಿರ ನೆನಪು ಅವನ ಕೈಗೆ ಯಾಕೆ ಕೊಡಬೇಕು ಅಂತ ಇನ್ನರ್ಧ. 'ಬಾಯಲ್ಲೇ ಅಂತಾರೆ' ಅಂದಿದ್ದ ಆ ಏಳನೇ ಕ್ಲಾಸಿನವನು ಕೊಡಲೇಬಾರದು ಅಂತ ಕೂತಿದ್ದಾನೆ. ಹುಡುಗಿ ಎರಡೂ ಕಡೆಯ ಮಾತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ತಾ ಇದ್ದಳು. ಭವನಕ್ಕೆ ಬೀಗ ಹಾಕೋಕೆ ವಾಚ್‌ಮನ್ ಬಂದು ಎರಡು ಸಲ ಕೂಗಿದ ಮೇಲೇ ಎದ್ದಿದ್ದು, ಬಸ್ ಸ್ಟಾಪಿನ ತನಕವೂ ಜಗಳ ನಡೀತಾನೇ ಇತ್ತು.